ಮಠಕ್ಕೊಂದು ನೋಟೀಸು

ದಾವಣಗೆರೆ
೧೨ ಸೆಪ್ಟೆಂಬರ್ ೨೦೨೩

ಅಣ್ಣಾ,

ಲಕೋಟೆಯ ಮೇಲೆ ಮಠದವರು ಹೇಳಿಕೊಟ್ಟ ಹಾಗೆಯೇ ಬರೆದಿದ್ದೇನೆ, 'ಪೂಜ್ಯ ಶ್ರೀ ನೀಲಗ್ರೀವ ಸ್ವಾಮಿಗಳವರ ಸನ್ನಿಧಿಗೆ' ಎಂದು. ಒಳಗಡೆ ಮಾತ್ರ ನೀನು ನನಗೆ ಪ್ರವೀಣಣ್ಣನೇ. ಬೇಜಾರಾದರೆ ಮಾಡಿಕೋ.

ಫೋನ್ ಮಾಡಿ ಮಾಡಿ ಸಾಕಾಯಿತು. ಯಾವಾಗ ಮಾಡಿದರೂ ಮರುಳಪ್ಪನವರು ಎತ್ತಿ, "ಬುದ್ಧಿ ಪೂಜೆಗೆ ಕುಂತಾರೆ, ಆಮೇಲೆ ಮಾಡ್ರಿ" ಅನ್ನುತ್ತಾರೆ. ಮೊನ್ನೆ ನಾನು ಜಗಳ ತೆಗೆದ ಮೇಲೆ ನಿಜ ಹೇಳಿದರು. ಪಟ್ಟವಾದ ಸ್ವಾಮಿಗಳು ಪೂರ್ವಾಶ್ರಮದ ಮನೆಯವರ ಜೊತೆ ಫೋನಿನಲ್ಲಿ ಮಾತಾಡಬಾರದು ಎಂದು ಮಠದ ಸಮಿತಿಯ ಕಟ್ಟಳೆಯಂತೆ. "ಕಾಗದ ಬರೀರಿ, ಅದಕ್ಕೆ ಯಾರೂ ಬ್ಯಾಡ ಅಂದಿಲ್ಲ" ಅಂದರು. ಬಂದ ಕಾಗದವನ್ನೆಲ್ಲ ಮೊದಲು ಒಡೆದು ನೋಡುವವರು ತಾವೇ ಎಂಬುದನ್ನೂ ಮುಚ್ಚಿಡಲಿಲ್ಲ. ಮರುಳಪ್ಪನವರೇ, ನಮಸ್ಕಾರ. ಓದಿ, ಆದರೆ ಓದಿದ ಮೇಲೆ ಕೊಡಿ.

ಅಣ್ಣಾ, ನನಗೆ ಅಜ್ಜಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಕೂಸಾಗಿದ್ದಾಗ ಜ್ವರ ಬಂತು, ಉಳಿದರೆ ಮಠಕ್ಕೆ ಬಿಡುತ್ತೇನೆ ಎಂದು ಹರಕೆ ಹೊತ್ತಳು, ನೀನು ಉಳಿದೆ, ಅವಳು ಹೋದಳು. ಹಳೆಯ ಸ್ವಾಮಿಗಳು ಲಿಂಗೈಕ್ಯರಾಗುವ ತನಕ ಅದು ಯಾರಿಗೂ ನೆನಪಿರಲಿಲ್ಲ. ಆಮೇಲೆ ಜಗಳೂರಿನ ಕಡೆಯಿಂದ ಜೀಪಿನಲ್ಲಿ ಜನ ಬಂದರು. ಅಪ್ಪ ಗೊಬ್ಬರದ ಅಂಗಡಿಯ ಬಾಗಿಲು ಹಾಕಿಕೊಂಡು ಬಂದು ಅವರ ಮುಂದೆ ಕೈಕಟ್ಟಿ ನಿಂತ. ನೀನು ಎಲ್‌ಎಲ್‌ಬಿಯ ಕೊನೆಯ ಸೆಮಿಸ್ಟರ್ ಪರೀಕ್ಷೆಯನ್ನೂ ಬರೆಯಲಿಲ್ಲ. ಅಷ್ಟು ವಾದ ಮಾಡುವವನು ಅಂದು ಒಂದು ಮಾತೂ ಆಡಲಿಲ್ಲ.

ಇರಲಿ. ನಾನೀಗ ಕೊನೆಯ ವರ್ಷ. ಕಾಲೇಜಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಮುಂದೇನು ಎಂದು. ನೇತ್ರಾವತಿ ಧಾರವಾಡಕ್ಕೆ ಹೋಗಿ ಜಡ್ಜ್ ಪರೀಕ್ಷೆಗೆ ಕೂರುತ್ತಾಳಂತೆ. ಇನ್ನಿಬ್ಬರು ಬೆಂಗಳೂರಿನ ಕಂಪನಿಯಲ್ಲಿ ಕರಾರುಪತ್ರ ಓದುವ ಕೆಲಸ ಹಿಡಿಯುತ್ತಾರಂತೆ. ನಾನು ಹೊನ್ನಾಳಿಗೆ ಹೋಗಿ ಷಣ್ಮುಖಪ್ಪ ವಕೀಲರನ್ನು ಕಂಡು ಬಂದೆ, ನಿನ್ನನ್ನು ಜೂನಿಯರ್ ಆಗಿ ತೆಗೆದುಕೊಳ್ಳುತ್ತೇನೆ ಅಂದಿದ್ದರಲ್ಲ, ಅವರನ್ನೇ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಎರಡು ವರ್ಷ ನನ್ನ ಹತ್ರ ಕಾಫಿ ಬಿಟ್ಟರೆ ಏನೂ ಸಿಗಾಕಿಲ್ಲಮ್ಮ, ಅದೂ ಸಕ್ಕರೆ ಇಲ್ಲದ್ದು" ಅಂದರು. ಬೇಡ ಅನ್ನಲಿಲ್ಲ.

ನೀನಿದ್ದಾಗ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಇಬ್ಬರೂ ಹೊನ್ನಾಳಿ ಕೋರ್ಟಿಗೆ ಹೋಗುವುದು ಎಂದು ನಿಶ್ಚಯಿಸಿಯೇ ಕಾಲೇಜಿಗೆ ಸೇರಿದ್ದೆವು. ಈಗ ಒಬ್ಬಳೇ ಹೋಗುವ ಧೈರ್ಯ ನನಗಿದೆಯೋ ಇಲ್ಲವೋ ತಿಳಿಯದು. ಏನು ಮಾಡಲಿ, ಹೇಳು.

ನಿನ್ನ ತಂಗಿ
ಹೇಮಾ


ಬಿಲ್ವದಕಟ್ಟೆ ಮಠ, ಜಗಳೂರು ತಾಲ್ಲೂಕು
೫ ಅಕ್ಟೋಬರ್ ೨೦೨೩

ಕುಮಾರಿ ಹೇಮಾವತಿಗೆ ಶುಭಾಶೀರ್ವಾದಗಳು.

ತಮ್ಮ ಪತ್ರ ತಲುಪಿದೆ. ನಾವು ಕ್ಷೇಮವಾಗಿದ್ದೇವೆ. ತಾವು ಶ್ರದ್ಧೆಯಿಂದ ವಿದ್ಯಾಭ್ಯಾಸ ಮುಂದುವರಿಸಿ ತಂದೆತಾಯಿಗಳ ಮನಸ್ಸಿಗೆ ಹಿತವಾಗುವಂತೆ ನಡೆದುಕೊಳ್ಳಬೇಕು. ವೃತ್ತಿ ಯಾವುದಾದರೂ ಅದರಲ್ಲಿ ಧರ್ಮವಿರಬೇಕು. ಶ್ರೀಮಠದ ಕೃಪೆ ತಮ್ಮ ಮೇಲಿರುತ್ತದೆ.

ಜಡ್ಜ್ ಪರೀಕ್ಷೆಯ ಯೋಚನೆ ಬೇಡ. ಇಡೀ ದಿನ ಬೇರೆಯವರ ಮಾತು ಕೇಳುತ್ತಾ ಸುಮ್ಮನೆ ಕೂರುವುದು ನಿನ್ನಿಂದ ಆಗದು.

ಆಶೀರ್ವಾದಗಳೊಂದಿಗೆ,
ನೀಲಗ್ರೀವ ಸ್ವಾಮಿಗಳು


ದಾವಣಗೆರೆ
೨೦ ನವೆಂಬರ್ ೨೦೨೩

ಅಣ್ಣಾ,

ನಿನ್ನ ಪತ್ರ ಓದಿ ನಕ್ಕೆ, ಆಮೇಲೆ ಸಿಟ್ಟು ಬಂತು. ಈ 'ನಾವು' ಎಂದರೆ ಯಾರು ಯಾರು? ನೀನು ಮತ್ತು ಮರುಳಪ್ಪನವರಾ? ಅಷ್ಟುದ್ದದ ಆಶೀರ್ವಾದದ ಕೆಳಗೆ ಸಣ್ಣದಾಗಿ ಒಂದೇ ಒಂದು ಸಾಲಿನಲ್ಲಿ ನೀನಿದ್ದೆ. ಅದನ್ನು ನೇತ್ರಾವತಿಗೂ ಓದಿ ಹೇಳಿದೆ. ಜಡ್ಜ್ ಪರೀಕ್ಷೆಯ ಪುಸ್ತಕಗಳನ್ನು ಅವಳಿಗೇ ಕೊಟ್ಟುಬಿಟ್ಟೆ. ಒಂದು ಹಾದಿ ಮುಚ್ಚಿತು, ಅಷ್ಟಾದರೂ ಉಪಕಾರ ಮಾಡಿದೆ.

ಹೋದ ವಾರ ಹಿಂದೂ ಕಾನೂನಿನ ತರಗತಿಯಲ್ಲಿ ಉತ್ತರಾಧಿಕಾರದ ಪಾಠ ನಡೆಯುತ್ತಿತ್ತು. ಸಂನ್ಯಾಸ ತೆಗೆದುಕೊಂಡವನು ಕಾನೂನಿನ ಲೆಕ್ಕದಲ್ಲಿ ಸತ್ತಂತೆ ಎಂದರು ಮೇಷ್ಟ್ರು. ಅವನಿಗೆ ಹುಟ್ಟಿದ ಮನೆಯ ಸಂಬಂಧವಿಲ್ಲ, ಆ ಮನೆಯವರಿಗೆ ಅವನ ಮೇಲೆ ಹಕ್ಕಿಲ್ಲ, ಅವನ ತಂದೆಯ ಜಾಗದಲ್ಲಿ ಗುರುವಿನ ಹೆಸರು ಬರುತ್ತದೆ ಎಂದು ಬೋರ್ಡಿನ ಮೇಲೆ ಬರೆದರು. ಪರೀಕ್ಷೆಗೆ ಬರುವ ಪ್ರಶ್ನೆ, ಗುರುತು ಹಾಕಿಕೊಳ್ಳಿ ಅಂದರು. ಎಲ್ಲರೂ ಗುರುತು ಹಾಕಿಕೊಂಡರು. ನೇತ್ರಾವತಿ ಮಾತ್ರ ಬೆಂಚಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ನಾನು ಎದ್ದು ನಿಂತು, "ಸರ್, ಅವನು ಬದುಕೇ ಇದ್ದರೆ?" ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ, ಅವರದೇನೂ ತಪ್ಪಿಲ್ಲ.

ಅವತ್ತು ಹಾಸ್ಟೆಲಿಗೆ ಬಂದು ಊಟ ಮಾಡದೆ ಮಲಗಿದೆ. ಅವ್ವನಿಗೆ ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿಕೊಂಡು ಕೂರುತ್ತಾನೆ. ಅವನ ಮುಂದೆ ನಿನ್ನ ಮಾತು ಎತ್ತಿದರೆ, "ಅವ್ರು ಈಗ ನಮ್ಮೋರಲ್ಲ ಕಣವ್ವ, ಊರಿನೋರು" ಅನ್ನುತ್ತಾನೆ. ನನಗೆ ಯಾರ ಹತ್ತಿರ ಹೇಳಿಕೊಳ್ಳಬೇಕೋ ತಿಳಿಯುತ್ತಿಲ್ಲ ಅಣ್ಣಾ. ಬಹಳ ಒಂಟಿ ಅನ್ನಿಸುತ್ತಿದೆ.

ನಿನಗೆ ಹಾಗೆ ಅನ್ನಿಸುವುದಿಲ್ಲವೇ? ಇದೊಂದಕ್ಕೆ 'ನಾವು' ಬಿಟ್ಟು ಉತ್ತರ ಬರಿ.

ಹೇಮಾ


ಬಿಲ್ವದಕಟ್ಟೆ ಮಠ
೯ ಜನವರಿ ೨೦೨೪

ಹೇಮಾ,

ಮರುಳಪ್ಪನವರು ನಿನ್ನ ಪತ್ರವನ್ನು ಓದಿ, ಮಡಿಸಿ, ನನ್ನ ಕೈಗೆ ಕೊಟ್ಟು, "ಬುದ್ಧಿ, ಈ ಹುಡುಗಿಗೆ ಉತ್ರ ಬರೀರಿ. ನಾನು ನೋಡಾಕಿಲ್ಲ, ಅಂಟಿಸೇ ಕೊಡ್ರಿ" ಅಂದರು. ಅದಕ್ಕೇ ಇದನ್ನು ಹೀಗೆ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ಪರೀಕ್ಷೆಯಲ್ಲಿ ಹಾಗೆಯೇ ಬರಿ, ಅಲ್ಲಿ ನಿನ್ನ ವಾದ ತೂರಿಸಬೇಡ.

ಇಲ್ಲಿ ಜನಕ್ಕೇನೂ ಕೊರತೆಯಿಲ್ಲ. ಬೆಳಗಿನಿಂದ ಬರುತ್ತಲೇ ಇರುತ್ತಾರೆ. ಹೊಲದ ಬದು, ಅತ್ತೆ ಸೊಸೆಯರ ಜಗಳ, ಪಾಲು ಕೇಳಿದ ತಂಗಿ, ಎಲ್ಲವನ್ನೂ ನನ್ನ ಮುಂದೆ ಇಡುತ್ತಾರೆ. ನಾನು ಅರ್ಧ ಕಲಿತ ಕಾನೂನಿನ ಮೇಲೆ ಏನೋ ಒಂದು ಹೇಳುತ್ತೇನೆ. ಹೇಳಿದ ತಕ್ಷಣ, "ಹಂಗೇ ಆಗ್ಲಿ ಬುದ್ಧಿ" ಎಂದು ಕಾಲಿಗೆ ಬಿದ್ದು ಹೋಗುತ್ತಾರೆ. ಒಂದು ಸಲ ಬೇಕೆಂದೇ ತಪ್ಪು ತೀರ್ಪು ಹೇಳಿದೆ, ಬದು ಪೂರ್ವಕ್ಕೆ ಸರಿಯಬೇಕಾದಲ್ಲಿ ಪಶ್ಚಿಮಕ್ಕೆ ಅಂದೆ. ಯಾರಾದರೂ ತಕರಾರು ತೆಗೆಯಲಿ ಎಂದು ಕಾದೆ. ನಷ್ಟವಾಗುವವನೂ ಕೈಮುಗಿದ. ಅವನನ್ನು ವಾಪಸು ಕರೆಸಿ ಸರಿಪಡಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು.

ಊಟಕ್ಕೆ ಕೂತರೆ ಜೊತೆಗೆ ಯಾರೂ ಕೂರುವುದಿಲ್ಲ. ನನ್ನದಾದ ಮೇಲೆ ಅವರದು. ತಪ್ಪು ಎಂದು ಹೇಳುವವರಿಲ್ಲ, ಉಪ್ಪು ಕಡಿಮೆಯಾಗಿದೆ ಎಂದು ಹೇಳಿಕೊಳ್ಳಲೂ ಯಾರಿಲ್ಲ. ನೀನು ಕೇಳಿದ್ದಕ್ಕೆ ಇದೇ ಉತ್ತರ.

ನೀನು ಹೊನ್ನಾಳಿಗೆ ಹೋಗು. ಷಣ್ಮುಖಪ್ಪನವರು ಬೈಯುತ್ತಾರೆ, ಎದುರಿನ ವಕೀಲರು ಬೈಯುತ್ತಾರೆ, ಕಕ್ಷಿದಾರರು ಅದಕ್ಕಿಂತ ಹೆಚ್ಚು ಬೈಯುತ್ತಾರೆ. ನೀನೂ ತಿರುಗಿ ಮಾತಾಡಬಹುದು. ಅದು ಎಷ್ಟು ಸುಖ ಎಂದು ನನಗೆ ಇಲ್ಲಿ ಬಂದ ಮೇಲೆ ಗೊತ್ತಾಯಿತು.

ಪ್ರವೀಣ


ನ್ಯಾಮತಿ
೧೭ ಮಾರ್ಚ್ ೨೦೨೪

ಅಣ್ಣಾ,

ಪತ್ರದ ಕೊನೆಯಲ್ಲಿ ನಿನ್ನ ಹೆಸರು ನೋಡಿ ಎಷ್ಟು ಹೊತ್ತು ಅತ್ತೆನೋ. ಅದರ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಈಗ ಬೇರೆಯದೇ ಬಂದು ಕೂತಿದೆ.

ಶಿವರಾತ್ರಿಗೆಂದು ಮನೆಗೆ ಬಂದವಳನ್ನು ಇಲ್ಲೇ ಹಿಡಿದು ನಿಲ್ಲಿಸಿದ್ದಾರೆ. ನಿಮ್ಮ ಮಠದ ಸಮಿತಿಯ ಅಧ್ಯಕ್ಷರು ತಿಪ್ಪೇಶಪ್ಪನವರು, ಚನ್ನಗಿರಿಯ ಅಡಿಕೆ ಮಂಡಿಯವರು, ಜೀಪಿನಲ್ಲಿ ಬಂದು ನಿನ್ನನ್ನು ಕೇಳಿಕೊಂಡು ಹೋದರಲ್ಲ, ಅವರೇ ಮೊನ್ನೆ ಕಾರಿನಲ್ಲಿ ಬಂದು ನನ್ನನ್ನು ಕೇಳಿದರು. ಮಗ ನಾಗರಾಜ್‌ಗೆ. ಹುಡುಗ ಕೆಟ್ಟವನಲ್ಲ. ತಲೆ ತಗ್ಗಿಸಿ ಕೂತು ಎರಡು ಸಲ ಮಂಡಕ್ಕಿ ಹಾಕಿಸಿಕೊಂಡ.

ತಿಪ್ಪೇಶಪ್ಪನವರು ಕೇಳಿದರು, "ಲಾ ಓದ್ತೀಯೇನವ್ವ? ಒಳ್ಳೇದು. ಓದು ಇರ್ಲಿ. ಆದ್ರೆ ಕೋರ್ಟು ಗೀರ್ಟು ಅಂತ ತಿರುಗಾಡಾಕೆ ನಮ್ಮ ಮನೇಲಿ ಆಗಾಕಿಲ್ಲ ನೋಡು."

"ಮತ್ತೆ ಓದಿದ್ದು ಏನು ಮಾಡ್ಲಿರಿ?" ಎಂದೆ.

"ಮಂಡಿ ವ್ಯವಹಾರದಾಗೆ ನೂರೆಂಟು ಕಾಗದ ಬರ್ತಾವೆ. ಮನೇಲಿ ಕುಂತು ನೋಡು."

ಅಪ್ಪ ಕಣ್ಣಿನಲ್ಲೇ ನನ್ನನ್ನು ಸುಮ್ಮನಿರಿಸಿದ. ಅವರು ಹೋದ ಮೇಲೆ ನಾನು ಒಲ್ಲೆ ಎಂದೆ, ಎರಡು ದಿನ ಜಗಳವಾಡಿದೆ. ಅಪ್ಪನದು ಒಂದೇ ಮಾತು, "ನಾನು ಹೂಂ ಅನ್ನಲ್ಲ, ಉಹುಂ ಅನ್ನಲ್ಲ. ಭೀಮನ ಅಮಾಸಿಗೆ ಮಠಕ್ಕೆ ಹೋಗಿ ಬುದ್ಧಿಯವರ ಅಪ್ಪಣೆ ಕೇಳೋಣ. ಅವರ ಬಾಯಾಗೆ ಏನು ಬರ್ತೈತೋ ಅದೇ ಆಗ್ಲಿ." ತಿಪ್ಪೇಶಪ್ಪನವರೂ ಅದಕ್ಕೆ ಒಪ್ಪಿದ್ದಾರೆ. ತಾವು ಕೂರಿಸಿದ ಸ್ವಾಮಿಗಳು ತಮ್ಮ ಮನೆಯ ಮದುವೆಗೆ ಬೇಡ ಅಂದಾರೆಯೇ ಎಂಬ ಧೈರ್ಯ.

ಅವ್ವ ಅಡಿಗೆಮನೆಯಿಂದ ಹೊರಗೆ ಬರಲೇ ಇಲ್ಲ. ನಾನು ಒಳಗೆ ಹೋದಾಗ, "ಅವ್ನು ಏನು ಹೇಳ್ತಾನೋ" ಎಂದಳು. ಅವರು ಅನ್ನಲಿಲ್ಲ, ಅವನು ಎಂದಳು.

ಅಣ್ಣಾ, ನನ್ನ ಬದುಕು ಈಗ ನಿನ್ನ ಒಂದು ಮಾತಿನಲ್ಲಿದೆ. ನೀನು 'ಆಗಲಿ' ಅಂದರೆ ನಾನು ಚನ್ನಗಿರಿಯಲ್ಲಿ ಕೂತು ಮಂಡಿಯ ಕಾಗದ ನೋಡಬೇಕು. 'ಬೇಡ' ಅಂದರೆ ಹೊನ್ನಾಳಿಗೆ ಹೋಗುತ್ತೇನೆ. ನಿನ್ನ ಮಾತನ್ನು ಅಪ್ಪ ಮೀರುವ ಹಾಗಿಲ್ಲ, ಮೀರಲಾರ ಕೂಡ. ಬೇಡ ಅನ್ನು. ಇಷ್ಟೇ ಕೇಳುವುದು.

ಹೇಮಾ


ಬಿಲ್ವದಕಟ್ಟೆ ಮಠ
೨೨ ಏಪ್ರಿಲ್ ೨೦೨೪

ಹೇಮಾ,

ಇದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ನಾನು ಇಲ್ಲಿ ಏನು ಹೇಳಿದರೂ ನಡೆಯುತ್ತದೆ ಎಂದು ನಿನಗೆ ಕಾಣಬಹುದು. ನನ್ನ ಮಾತು ನಡೆಯುವುದು ಬದುವಿನ ವಿಷಯದಲ್ಲಿ. ಮಠ ನಡೆಯುವುದು ತಿಪ್ಪೇಶಪ್ಪನವರಿಂದ. ಯಾವ ದಿನ ಯಾವ ಊರಿಗೆ ಹೋಗಬೇಕು, ಯಾರ ಮನೆಯಲ್ಲಿ ಪಾದಪೂಜೆ, ನನ್ನನ್ನು ಯಾರು ಕಾಣಬಹುದು, ಎಲ್ಲ ಅವರ ಸಮಿತಿಯದು. ನಿನ್ನ ಪತ್ರಗಳು ಬರುತ್ತಿರುವುದೂ ಅವರು ಸುಮ್ಮನಿರುವುದರಿಂದ.

ನಾನು ಬೇಡ ಅಂದರೆ, ಸ್ವಾಮಿಗಳು ತಂಗಿಯ ಪರ ಮಾತಾಡಿದರು, ಇನ್ನೂ ಮನೆಯ ಮೋಹ ಬಿಟ್ಟಿಲ್ಲ ಅನ್ನುತ್ತಾರೆ. ಅದು ಸುಳ್ಳೆಂದು ನನಗೆ ಹೇಳಲು ಬಾರದು. ಇಂಥ ಮಾತು ಒಂದು ಸಲ ಆಡಿದರೆ ಎರಡನೆಯ ಸಲ ಆಡಲು ನನ್ನಲ್ಲಿ ಏನೂ ಉಳಿಯುವುದಿಲ್ಲ.

ನಾಗರಾಜ್ ಒಳ್ಳೆಯ ಹುಡುಗ ಎಂದು ಎಲ್ಲರೂ ಹೇಳುತ್ತಾರೆ. ನೀನೇ ಅಪ್ಪನಿಗೆ ಇನ್ನೊಮ್ಮೆ ತಿಳಿಸಿ ಹೇಳಿ ನೋಡು. ನನ್ನಿಂದ ಮಾತು ತೆಗೆದುಕೊಳ್ಳಬೇಡ ಹೇಮಾ. ಕೊಡುತ್ತೇನೆಂದು ಹೇಳಲಾರೆ.

ಪ್ರವೀಣ


ದಾವಣಗೆರೆ
೩ ಮೇ ೨೦೨೪

ಪ್ರವೀಣಣ್ಣನಿಗೆ,

ಆಯಿತು. ಮಾತು ತೆಗೆದುಕೊಳ್ಳುವುದಿಲ್ಲ.

ಒಳ್ಳೆಯ ಹುಡುಗ ಎಂದು ನಿನ್ನ ಬಗ್ಗೆಯೂ ಎಲ್ಲರೂ ಹೇಳುತ್ತಿದ್ದರು. ಅದಕ್ಕೇ ಅವತ್ತು ನಿನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ, ನೀನೂ ಹೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ಈಗ ಬೇಡ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಕಾಯುತ್ತಿದ್ದೆ. ಈಗ ನನ್ನ ಸರದಿಗೂ ಸುಮ್ಮನಿರುತ್ತೀಯಾದರೆ ಇರು. ಪರೀಕ್ಷೆಗೆ ಓದಬೇಕು, ಇನ್ನು ಬರೆಯುವುದಿಲ್ಲ.

ಹೇಮಾವತಿ ಕೆ.


ನ್ಯಾಮತಿ
೬ ಆಗಸ್ಟ್ ೨೦೨೪

ಅಣ್ಣಾ,

ಮೊನ್ನೆ ಅಮಾವಾಸ್ಯೆಯ ದಿನ ಮಠದಲ್ಲಿ ನಡೆದದ್ದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ. ಹೆಂಗಸರ ಕಡೆಯಿಂದ ಅದು ಹೇಗೆ ಕಂಡಿತು ಎಂದು ನಿನಗೆ ಯಾರು ಹೇಳುತ್ತಾರೆ?

ಬಸ್ಸಿನಲ್ಲಿ ಬರುವಾಗ ಅಪ್ಪನ ಮುಖದಲ್ಲಿ ಮದುವೆಯೇ ಮುಗಿದಷ್ಟು ಕಳೆಯಿತ್ತು. ಅವ್ವ ಬರಲಿಲ್ಲ, ಸೊಂಟನೋವು ಎಂದಳು. ನಾನು ಸರತಿಯಲ್ಲಿ ಹೆಂಗಸರ ಕಡೆ ನಿಂತೆ. ನೀನು ಬಹಳ ತೆಳ್ಳಗಾಗಿದ್ದೀಯ. ಕಾವಿ ಶಾಲು ಹೆಗಲಿನಿಂದ ಜಾರಿದಾಗಲೆಲ್ಲ ಮರುಳಪ್ಪನವರು ಸರಿಮಾಡುತ್ತಿದ್ದರು. ತಿಪ್ಪೇಶಪ್ಪನವರು ನಿನ್ನ ಪಕ್ಕದ ಕಂಬಕ್ಕೆ ಒರಗಿ ಕೂತಿದ್ದರು.

ಅಪ್ಪ ತಾಂಬೂಲದ ತಟ್ಟೆ ನಿನ್ನ ಮುಂದಿಟ್ಟ. "ಬುದ್ಧಿ, ಹುಡುಗಿಗೊಂದು ಸಂಬಂಧ ಕೂಡಿ ಬಂದೈತೆ. ಅಧ್ಯಕ್ಷರ ಮಗ. ತಮ್ಮ ಅಪ್ಪಣೆ ಆದ್ರೆ ಮುಂದುವರಿಯಾಕೆ..."

ನೀನು ತಟ್ಟೆ ಮುಟ್ಟಲಿಲ್ಲ. "ಹುಡುಗಿ ಏನು ಅಂತಾಳೆ?" ಎಂದು ಕೇಳಿದೆ.

"ಅವಳದೇನೈತೆ ಬುದ್ಧಿ. ತಾವು ಹೇಳಿದಂಗೆ."

"ಬಂದಿದ್ರೆ ಮುಂದೆ ಬರ್ಲಿ."

ನಾನು ಬಂದೆ. ನೀನು ನನ್ನ ಮುಖ ನೋಡದೆ, ಯಾವುದೋ ಊರಿನ ಯಾರದೋ ಮಗಳನ್ನು ಕೇಳುವ ಹಾಗೆ, "ನಿನಗೇನು ಬೇಕವ್ವ?" ಎಂದೆ. ಕಾಲೇಜಿನ ಅಣಕು ಕೋರ್ಟಿನಲ್ಲಿ ಬಹುಮಾನ ತೆಗೆದುಕೊಂಡವಳು ನಾನು. ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದೆ, ನಿನ್ನನ್ನು ಎಲ್ಲರ ಮುಂದೆ ಅಣ್ಣಾ ಎಂದು ಕರೆಯಬೇಕು, ನಾಚಿಕೆಯಾಗಲಿ ಎಂದುಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, "ಕೋರ್ಟಿಗೆ ಹೋಗ್ಬೇಕು ಬುದ್ಧಿ" ಎಂದು. ನೀನು ಆಗ ತಲೆಯೆತ್ತಿ ನೋಡಿದೆ.

"ಹೋಗ್ಲಿ. ಈ ಸಂಬಂಧಕ್ಕೆ ಮಠದ ಅಪ್ಪಣೆ ಇಲ್ಲ."

ತಿಪ್ಪೇಶಪ್ಪನವರು ಕಂಬ ಬಿಟ್ಟು ನೆಟ್ಟಗೆ ಕೂತು, "ಬುದ್ಧಿ, ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳ್ರಿ" ಎಂದರು. ನೀನು, "ಬಾಳ ದಿನ ಮಾಡೀನಿ" ಎಂದು ತಟ್ಟೆಯನ್ನು ಅಪ್ಪನ ಕಡೆಗೆ ಸರಿಸಿದೆ. ಅಷ್ಟು ದಿನದಿಂದ ಅಲ್ಲಿ ಯಾರಾದರೂ ಒಬ್ಬರು ಎದುರು ಮಾತಾಡಲಿ ಎಂದು ಕಾಯುತ್ತಿದ್ದೆಯಲ್ಲ, ಕೊನೆಗೆ ಆ ಕೆಲಸ ನೀನೇ ಮಾಡಬೇಕಾಯಿತು.

ವಾಪಸು ಬರುವಾಗ ಅಪ್ಪ ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ, "ಬುದ್ಧಿಯವರೇ ಅಂದ ಮೇಲೆ ಮುಗೀತು. ಇಲ್ಲೇ ಐತಲ್ಲ, ವಕೀಲರನ್ನ ನೋಡ್ಕೊಂಡೇ ಹೋಗೋಣ ನಡಿ" ಎಂದ. ಷಣ್ಮುಖಪ್ಪನವರಿಗೆ ನನ್ನನ್ನು ಒಪ್ಪಿಸಿದವನು ಅಪ್ಪನೇ.

ನಾನು ಬೇಸಿಗೆಯಲ್ಲಿ ಬರೆದದ್ದನ್ನೆಲ್ಲ ಹರಿದು ಹಾಕು. ನಿನಗೆ ಏನೂ ತೊಂದರೆಯಾಗಿಲ್ಲ ತಾನೇ? ಎರಡು ಸಾಲು ಬರಿ ಅಣ್ಣಾ.

ನಿನ್ನ
ಹೇಮಾ


ಬಿಲ್ವದಕಟ್ಟೆ ಮಠ
೨೬ ಆಗಸ್ಟ್ ೨೦೨೪

ಕುಮಾರಿ ಹೇಮಾವತಿಯವರಿಗೆ ಮಠದ ವ್ಯವಸ್ಥಾಪಕ ಮರುಳಪ್ಪನ ನಮಸ್ಕಾರಗಳು.

ಸಮಿತಿಯ ಸಭೆಯಲ್ಲಿ ಆದ ತೀರ್ಮಾನದಂತೆ ಇನ್ನು ಮುಂದೆ ಶ್ರೀಗಳ ಪೂರ್ವಾಶ್ರಮದವರಿಂದ ಬರುವ ಪತ್ರಗಳನ್ನು ಸ್ವೀಕರಿಸಲಾಗುವುದಿಲ್ಲ. ಅವರಿಂದಲೂ ಪತ್ರ ಹೋಗುವುದಿಲ್ಲ. ತಮ್ಮ ಆಗಸ್ಟ್ ತಿಂಗಳ ಪತ್ರವನ್ನು ಒಡೆಯದೆ ಇದರೊಂದಿಗೆ ಹಿಂತಿರುಗಿಸಿದೆ. ಇದು ಸಮಿತಿಯ ಮಾತು, ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಈ ಸಾಲು ನನ್ನದು. ಅಮಾವಾಸ್ಯೆಯ ಹಿಂದಿನ ದಿನ ಶ್ರೀಗಳು ನನ್ನನ್ನು ಕರೆದು, "ಮರುಳಪ್ಪ, ನಾಳೆಯಿಂದ ಕಾಗದ ಬರಾಕಿಲ್ಲ ಅನ್ನಿಸ್ತೈತೆ" ಎಂದಿದ್ದರು. ನನಗೆ ಆಗ ತಿಳಿಯಲಿಲ್ಲ.

ಇತಿ,
ಮರುಳಪ್ಪ


ಹೊನ್ನಾಳಿ
೧೬ ಡಿಸೆಂಬರ್ ೨೦೨೪

ಮರುಳಪ್ಪನವರೇ,

ಸಮಿತಿಯವರ ಮುಂದೆ ಹೇಳುವುದಕ್ಕೆ ನಿಮಗೊಂದು ಮಾತು ಬೇಕಲ್ಲ, ಬರೆದು ಕೊಡುತ್ತಿದ್ದೇನೆ. ನಿಂತಿರುವುದು ಪತ್ರಗಳು. ಇದು ಪತ್ರವಲ್ಲ, ವಕೀಲರ ನೋಟೀಸು. ಹೋದ ತಿಂಗಳು ನನ್ನ ವಕೀಲಿ ಸನ್ನದು ಬಂತು, ಇದು ನನ್ನ ಮೊದಲ ನೋಟೀಸು. ರಿಜಿಸ್ಟರ್ ಅಂಚೆಯಲ್ಲಿ ಬಂದ ನೋಟೀಸನ್ನು ತಿರಸ್ಕರಿಸಿದರೂ ತಲುಪಿದಂತೆಯೇ ಲೆಕ್ಕ, ತಿಪ್ಪೇಶಪ್ಪನವರಿಗೆ ಅದು ಗೊತ್ತಿರುತ್ತದೆ. ನಮ್ಮ ಸೀನಿಯರ್ ಇದನ್ನು ಓದಿ, "ಇದಕ್ಕೆ ಕಾನೂನಿನಾಗೆ ಜಾಗ ಇಲ್ಲ" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಸ್ಟ್ಯಾಂಪು ನಂದು ಹಚ್ಚು" ಎಂದರು.

ರಿಜಿಸ್ಟರ್ ಅಂಚೆಯ ಮೂಲಕ

ಇವರಿಂದ: ಹೇಮಾವತಿ ಕೆ., ವಕೀಲರು, ಹೊನ್ನಾಳಿ
ಇವರಿಗೆ: ಶ್ರೀ ನೀಲಗ್ರೀವ ಸ್ವಾಮಿಗಳು, ಬಿಲ್ವದಕಟ್ಟೆ ಮಠ, ಜಗಳೂರು ತಾಲ್ಲೂಕು

ಮಾನ್ಯರೇ,

ನನ್ನ ಕಕ್ಷಿದಾರರಾದ ನ್ಯಾಮತಿ ವಾಸಿ ಕೊಟ್ರಮ್ಮ ಕೋಂ ಕಲ್ಲೇಶಪ್ಪ ಇವರ ಸೂಚನೆಯ ಮೇರೆಗೆ ತಮಗೆ ತಿಳಿಯಪಡಿಸುವುದೇನೆಂದರೆ:

೧. ನನ್ನ ಕಕ್ಷಿದಾರರಿಗೆ ಇಬ್ಬರು ಮಕ್ಕಳು. ಹಿರಿಯವನನ್ನು ತಾವು ಬಲ್ಲಿರಿ.

೨. ತಮ್ಮ ಪಟ್ಟದ ದಿನ ಎಲ್ಲರಂತೆ ನನ್ನ ಕಕ್ಷಿದಾರರೂ ತಮ್ಮ ಕಾಲಿಗೆ ಬೀಳಬೇಕೆಂದು ಅವರ ಯಜಮಾನರು ಹೇಳಿದರು. ಅವರು ಬಿದ್ದರು. ತಾವು ಕಾಲು ಹಿಂದಕ್ಕೆ ಎಳೆದುಕೊಂಡಿರಿ. ಅವರ ಹಣೆ ಬರಿಯ ನೆಲಕ್ಕೆ ತಾಗಿತು. ಆ ದಿನದಿಂದ ಅವರು ಮಠಕ್ಕೆ ಬಂದಿಲ್ಲ. ಸೊಂಟನೋವು ಎಂದು ಹೇಳುವುದು ಸುಳ್ಳು.

೩. ಮನೆಯ ಮುಂಭಾಗದ ಅಂಗಡಿಗೆ ಬಂದ ರೈತರು ಜಗಳೂರಿನ ಕಡೆಯ ಸುದ್ದಿ ಹೇಳುತ್ತಿದ್ದರೆ ನನ್ನ ಕಕ್ಷಿದಾರರು ಒಲೆ ಸಣ್ಣ ಮಾಡಿ ಬಂದು ಬಾಗಿಲ ಹಿಂದೆ ನಿಂತು ಕೇಳುತ್ತಾರೆ. ಸ್ವಾಮಿಗಳು ಸೊರಗಿದ್ದಾರೆ ಎಂದು ಯಾರೋ ಹೇಳಿದ ದಿನ ಅವರು ಊಟ ಮಾಡಲಿಲ್ಲ.

೪. ತಂಗಿಗೆ ಕೋರ್ಟಿಗೆ ಹೋಗಲು ಅಪ್ಪಣೆ ಕೊಟ್ಟರೆ ತಮಗೆ ಪತ್ರಗಳು ನಿಲ್ಲುತ್ತವೆ ಎಂಬುದು ತಮಗೆ ಮೊದಲೇ ತಿಳಿದಿತ್ತು. ತಿಳಿದೂ ಕೊಟ್ಟಿರಿ.

೫. ತಾವು ಅಲ್ಲಿ ಒಬ್ಬರೇ ಇದ್ದೀರಿ. ಇಲ್ಲಿ ನಾವೂ ಒಬ್ಬೊಬ್ಬರೇ ಇದ್ದೇವೆ.

೬. ಆದ್ದರಿಂದ ಈ ನೋಟೀಸು ತಲುಪಿದ ಮೇಲೆ ತಾವು ಒಂದು ದಿನ ನ್ಯಾಮತಿಯ ಮನೆಗೆ ಬಂದು ನನ್ನ ಕಕ್ಷಿದಾರರ ಕೈಯ ಊಟ ಮಾಡತಕ್ಕದ್ದು. ಮೇಲಿನ ಸಂಗತಿಗಳನ್ನು ನಿರಾಕರಿಸುವುದಿದ್ದರೆ, ಕಾನೂನು ಓದಿದವರು ಮಾಡುವಂತೆ, ಒಂದೊಂದು ಪ್ಯಾರಾಕ್ಕೂ ಬೇರೆ ಬೇರೆಯಾಗಿ ನಿರಾಕರಿಸತಕ್ಕದ್ದು.

ತಮ್ಮ ವಿಶ್ವಾಸಿ,
ಹೇಮಾವತಿ ಕೆ., ಬಿ.ಎ., ಎಲ್‌ಎಲ್.ಬಿ.
ವಕೀಲರು


ಬಿಲ್ವದಕಟ್ಟೆ ಮಠ
೨ ಜನವರಿ ೨೦೨೫

ಇವರಿಗೆ: ಹೇಮಾವತಿ ಕೆ., ವಕೀಲರು, ಹೊನ್ನಾಳಿ
ವಿಷಯ: ತಮ್ಮ ನೋಟೀಸಿಗೆ ಉತ್ತರ

ಮಾನ್ಯರೇ,

ನೋಟೀಸಿಗೆ ಉತ್ತರ ಕೊಡದಿದ್ದರೆ ಮಠ ಕೋರ್ಟಿಗೆ ಹೋಗಬೇಕಾಗುತ್ತದೆ ಎಂದು ಮರುಳಪ್ಪನವರು ಸಮಿತಿಯನ್ನು ಹೆದರಿಸಿದ್ದಾರೆ. ಉತ್ತರ ಕೊಡಲು ನನಗೆ ಒಂದು ಸಲಕ್ಕೆ ಅನುಮತಿ ಸಿಕ್ಕಿದೆ.

ಪ್ಯಾರಾ ಒಂದು: ನಿಜ.

ಪ್ಯಾರಾ ಎರಡು: ನಿಜ. ಹಣೆ ನೆಲಕ್ಕೆ ತಾಗಿದ್ದು ನೋಡಿದೆ. ಎಬ್ಬಿಸಲು ಕೈ ಚಾಚಿದೆ, ಪಕ್ಕದವರು ಹಿಡಿದುಕೊಂಡರು. ಅದು ತಮ್ಮ ನೋಟೀಸಿನಲ್ಲಿ ಬಿಟ್ಟುಹೋಗಿದೆ, ಸೇರಿಸಿಕೊಳ್ಳಿ.

ಪ್ಯಾರಾ ಮೂರು: ನನ್ನ ಅರಿವಿಗೆ ಬಂದಿರಲಿಲ್ಲ. ಈಗ ಬಂದಿದೆ.

ಪ್ಯಾರಾ ನಾಲ್ಕು: ನಿಜ.

ಪ್ಯಾರಾ ಐದು: ನಿಜ.

ಪ್ಯಾರಾ ಆರು: ನಿರಾಕರಿಸಲಾಗಿದೆ. ನ್ಯಾಮತಿಗೆ ಬರಲು ಅಡ್ಡಿಯೇನೂ ಇಲ್ಲ, ಭಕ್ತರು ಕರೆದರೆ ಸ್ವಾಮಿಗಳು ಬರುತ್ತಾರೆ. ಆದರೆ ಬಂದರೆ ಹೊಸಿಲಲ್ಲಿ ಮನೆಯ ಹೆಣ್ಣುಮಗಳು ನೀರು ಹಾಕಿ ಅವರ ಪಾದ ತೊಳೆಯಬೇಕು, ಆ ನೀರನ್ನು ತಲೆಗೆ ಹಚ್ಚಿಕೊಳ್ಳಬೇಕು. ಅದನ್ನು ತಮ್ಮ ಕಕ್ಷಿದಾರರೇ ಮಾಡಬೇಕಾಗುತ್ತದೆ. ಅಷ್ಟಾದ ಮೇಲೆ ಒಬ್ಬನೇ ಕೂತು ಉಣ್ಣಬೇಕು. ಅವರು ಕರೆಯುತ್ತಿರುವುದು ನನ್ನನ್ನು. ಬರುವುದು ನಾನಾಗಿರುವುದಿಲ್ಲ.

ನೋಟೀಸು ಚೆನ್ನಾಗಿದೆ. ಐದನೆಯ ಪ್ಯಾರಾಕ್ಕೆ ಎದುರಿನ ವಕೀಲರು ಆಕ್ಷೇಪಣೆ ಎತ್ತುತ್ತಾರೆ, ಸಾಕ್ಷ್ಯ ಇಟ್ಟುಕೊಂಡು ಬರೆಯುವುದನ್ನು ಕಲಿ.

ಈ ಉತ್ತರವನ್ನು ನಿನ್ನ ಕಕ್ಷಿದಾರರಿಗೆ ಓದಿ ಹೇಳುವಾಗ ಆರನೆಯ ಪ್ಯಾರಾ ಬಿಟ್ಟು ಓದು ಹೇಮಾ. ಬರ್ತಾನಂತೆ ಅವ್ವ ಅನ್ನು. ಯಾವಾಗ ಎಂದು ಕೇಳಿದರೆ, ಕೋರ್ಟಿನಲ್ಲಿ ಮಾಡುವ ಹಾಗೆ ಮುಂದಿನ ತಾರೀಖಿಗೆ ವಾಯಿದೆ ತೆಗೆದುಕೋ.

ಪ್ರವೀಣ